ಹೆಸರಿಗೊಂದು ರೂಪ

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದ ನನಗೆ ಚಿರಪರಿಚಿತವಾದ ಒಂದು ಅನುಭವವಿದೆ. ತಿಂಗಳ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟನ್ನು ಬಿಚ್ಚಿದಾಗ, ಹೆಸರು ಬರೆಯಲು ಮರೆತ ಒಂದೆರಡು ಪತ್ರಿಕೆಗಳು ಅದರಲ್ಲಿ ಸಿಕ್ಕೇ ಸಿಗುತ್ತಿದ್ದವು. ಅವು ಯಾರವೆಂದು ತಿಳಿಯಲು ನಾನು ತರಗತಿಗೆ ಹೋಗಿ ವಿಚಾರಿಸಬೇಕಾಗಿರಲಿಲ್ಲ. ಒಬ್ಬಳ ತಲಕಟ್ಟು ಬಾಣದ ತುದಿಯಂತೆ ಮೇಲಕ್ಕೆ ಚಿಮ್ಮಿರುತ್ತಿತ್ತು. ಮತ್ತೊಬ್ಬನ ಒತ್ತಕ್ಷರವು ಸಾಲಿನಿಂದ ಜಾರಿ ಕೆಳಗಿನ ಸಾಲಿನ ತಲೆಯ ಮೇಲೆ ಕುಳಿತಿರುತ್ತಿತ್ತು. ಬರೆದ ವಿಷಯವನ್ನು ಓದುವ ಮೊದಲೇ ಬರೆದ ಕೈ ಯಾವುದೆಂದು ಅಕ್ಷರವೇ ಹೇಳಿಬಿಡುತ್ತಿತ್ತು.

ಅಕ್ಷರಕ್ಕೆ ಹೀಗೆ ಎರಡು ಬಗೆಯ ಮಾತಿದೆ. ಅದು ಒಂದು ಧ್ವನಿಯನ್ನು ಸೂಚಿಸುತ್ತದೆ. ಅದರ ಜೊತೆಗೇ ತನ್ನನ್ನು ಬರೆದವರ ಗುರುತನ್ನೂ ಸಾರುತ್ತದೆ. ಈ ಎರಡನೆಯ ಶಕ್ತಿಯನ್ನು ಅರಿತು, ಒಂದು ಹೆಸರನ್ನು ಮತ್ತಾವ ಹೆಸರಿನೊಡನೆಯೂ ಬೆರೆಯದಂತೆ, ಅದಕ್ಕೇ ಮೀಸಲಾದ ರೂಪದಲ್ಲಿ ಬರೆಯುವ ಕಲೆಯೊಂದು ಬೆಳೆದಿದೆ. ಅಂಗಡಿ, ಸಹಕಾರ ಸಂಘ, ಪತ್ರಿಕೆ, ಕಾರ್ಖಾನೆ ಮೊದಲಾದವುಗಳ ಹೆಸರಿಗೆ ಹೀಗೆ ಕಲ್ಪಿಸಿದ ರೂಪವನ್ನು ಅಕ್ಷರಲಾಂಛನ ಎನ್ನಬಹುದು. ಇಂಗ್ಲಿಷಿನಲ್ಲಿ ಇದಕ್ಕೆ ಲೋಗೋಟೈಪ್ ಎಂಬ ಹೆಸರಿದೆ. ಆಡುಮಾತಿನಲ್ಲಿ ಎಲ್ಲ ಬಗೆಯ ಲಾಂಛನಗಳನ್ನೂ ಲೋಗೋ ಎಂದೇ ಕರೆಯುತ್ತಾರೆ.

ಈ ಕಲೆ ಪಟ್ಟಣದ ಜಾಹೀರಾತಿನವರದು, ಹೊರದೇಶದಿಂದ ಬಂದದ್ದು ಎಂದು ಹಲವರು ಭಾವಿಸುತ್ತಾರೆ. ಆದರೆ ಇದರ ಮೂಲ ಭಾವವನ್ನು ಕಾಣಬೇಕಾದರೆ ನಾವು ಬಹುದೂರ ಹೋಗಬೇಕಾಗಿಲ್ಲ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗರಾಮೇಶ್ವರ ಎಂಬ ಮೂರು ಸ್ಥಳಗಳು ಒಂದಕ್ಕೊಂದು ಸಮೀಪದಲ್ಲಿವೆ. ಈ ಮೂರರಲ್ಲಿಯೂ ಕ್ರಿಸ್ತಪೂರ್ವ 3ನೆಯ ಶತಮಾನದ ಅಶೋಕ ಚಕ್ರವರ್ತಿಯ ಬಂಡೆಗಲ್ಲಿನ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವರು ಇವುಗಳನ್ನು ಬೆಳಕಿಗೆ ತಂದರು. ತಾಯಿತಂದೆಯರಿಗೂ ಗುರುಗಳಿಗೂ ವಿಧೇಯರಾಗಿರಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು ಎಂಬ ಉಪದೇಶವು ಅವುಗಳಲ್ಲಿದೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ನಾವು ಇಂದು ಬರೆಯುವ ಕನ್ನಡ ಅಕ್ಷರಗಳು ಆ ಬ್ರಾಹ್ಮಿಯಿಂದಲೇ ಕಾಲಕ್ರಮದಲ್ಲಿ ರೂಪಾಂತರ ಹೊಂದುತ್ತ ಬಂದವು.

ಈ ಶಾಸನಗಳ ಕೊನೆಯಲ್ಲಿ ಒಂದು ವಿಶೇಷವಿದೆ. ಚಕ್ರವರ್ತಿಯ ಮಾತು ಮುಗಿದ ಮೇಲೆ, ಅದನ್ನು ಬರೆದ ಚಪಡ ಎಂಬ ಲಿಪಿಕಾರನು ತನ್ನ ಹೆಸರನ್ನು ಹೇಳಿಕೊಂಡಿದ್ದಾನೆ. ಹೆಸರನ್ನು ಬ್ರಾಹ್ಮಿಯಲ್ಲಿಯೇ ಬರೆದು, ಲಿಪಿಕಾರ ಎಂಬ ಅರ್ಥದ ಒಂದೇ ಒಂದು ಪದವನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠಿಯು ಗಾಂಧಾರ ಮೊದಲಾದ ವಾಯವ್ಯ ಪ್ರಾಂತಗಳಲ್ಲಿ ಬಳಕೆಯಲ್ಲಿದ್ದ, ಬಲದಿಂದ ಎಡಕ್ಕೆ ಬರೆಯುವ ಲಿಪಿ. ಬಯಲುಸೀಮೆಯ ಈ ಬಂಡೆಯ ಮುಂದೆ ನಿಂತವರಲ್ಲಿ ಅದನ್ನು ಓದಬಲ್ಲವರು ಬಹು ವಿರಳವಾಗಿದ್ದಿರಬೇಕು. ಓದಲು ಬಾರದಿದ್ದರೂ, ಉಳಿದ ಬರವಣಿಗೆಗಿಂತ ಆ ಪದವು ಬೇರೆಯಾಗಿದೆ ಎಂಬುದನ್ನು ಯಾರಾದರೂ ಕಾಣಬಹುದಾಗಿತ್ತು. ಚಿತ್ರ ಬರೆಯದೆ, ಹೂಬಳ್ಳಿ ಬಿಡಿಸದೆ, ಅಕ್ಷರದ ಆಯ್ಕೆಯೊಂದರಿಂದಲೇ ಚಪಡನು ತನ್ನ ಕೈಯ ಗುರುತನ್ನು ಕಲ್ಲಿನಲ್ಲಿ ಉಳಿಸಿದನು.

ಇದೇ ಬಗೆಯ ಇನ್ನೊಂದು ನಿದರ್ಶನವು ಸುಮಾರು ಹದಿನೇಳು ಶತಮಾನಗಳ ಅನಂತರ, ಅಲ್ಲಿಂದ ಹೆಚ್ಚು ದೂರವಿಲ್ಲದ ಹಂಪೆಯಲ್ಲಿ ಕಾಣಿಸುತ್ತದೆ. ವಿಜಯನಗರದ ಅರಸರ ಅನೇಕ ತಾಮ್ರಶಾಸನಗಳು ನಂದಿನಾಗರಿ ಲಿಪಿಯಲ್ಲಿವೆ. ಆದರೆ ಕೊನೆಯಲ್ಲಿ ಅರಸರ ರುಜುವಾಗಿ ಬರುವ ‘ಶ್ರೀ ವಿರೂಪಾಕ್ಷ’ ಎಂಬುದು ಮಾತ್ರ ದೊಡ್ಡ ಕನ್ನಡ ಅಕ್ಷರಗಳಲ್ಲಿರುತ್ತದೆ. ಶಾಸನ ಸಾಚಾ ಎಂಬುದಕ್ಕೆ ಆ ಅಕ್ಷರಗಳೇ ಸಾಕ್ಷಿ. ವಚನಕಾರರ ಮತ್ತು ಹರಿದಾಸರ ಅಂಕಿತಗಳನ್ನು ನೆನೆಯಿರಿ. ಕೂಡಲಸಂಗಮದೇವ ಎಂಬ ಅಂಕಿತವನ್ನು ಕೇಳಿದೊಡನೆ ಬಸವಣ್ಣನವರ ವಚನವೆಂದು ನಮಗೆ ತಿಳಿಯುತ್ತದೆ. ಅಂಕಿತವು ಕಿವಿಗೆ ಮಾಡುವ ಕೆಲಸವನ್ನು ಅಕ್ಷರಲಾಂಛನವು ಕಣ್ಣಿಗೆ ಮಾಡುತ್ತದೆ. ‘ಇದು ನನ್ನದು, ಇದಕ್ಕೆ ನಾನು ಹೊಣೆ’ ಎಂಬುದೇ ಎರಡರ ಒಳಗಿನ ಮಾತು.

ವ್ಯಾಪಾರದ ಲೋಕಕ್ಕೆ ಈ ಮಾತು ಬಂದ ದಾರಿಯೂ ಸ್ವಾರಸ್ಯವಾಗಿದೆ. ಇಂದು ನಾವು ಸರಕಿನ ಹೆಸರಿಗೆ ಬಳಸುವ ಬ್ರಾಂಡ್ ಎಂಬ ಇಂಗ್ಲಿಷ್ ಪದಕ್ಕೆ ಮೂಲದಲ್ಲಿ ಸುಡುವುದು ಎಂಬ ಅರ್ಥವಿತ್ತು. ಹಿಂಡಿನಲ್ಲಿ ಬೆರೆತ ದನಗಳನ್ನು ಗುರುತಿಸಲು ಕಾದ ಕಬ್ಬಿಣದಿಂದ ಬರೆ ಹಾಕುತ್ತಿದ್ದ ಪದ್ಧತಿಯಿಂದ ಆ ಪದವು ಸರಕಿನ ಗುರುತಿಗೆ ಬಂದಿತು. ಚಳ್ಳಕೆರೆಯ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೈಸೂರು ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದಿದ್ದು, ಟಿಪ್ಪುಸುಲ್ತಾನನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ಪ್ರಸಿದ್ಧ ದನದ ತಳಿಗೆ ಮೀಸಲಾಗಿದ್ದ ವಿಶಾಲವಾದ ಕಾವಲುಗಳು ಈ ತಾಲ್ಲೂಕಿನಲ್ಲಿವೆ. ಸಾವಿರಾರು ದನಗಳು ಮೇಯುವ ಬಯಲಿನಲ್ಲಿ ಗುರುತಿಲ್ಲದ ದನವು ಯಾರದೆಂದು ಹೇಳುವವರಾರು? ಸಂತೆಯಲ್ಲಿ ಗುರುತಿಲ್ಲದ ಸರಕಿನ ಗತಿಯೂ ಅಂಥದೇ.

ಲಾಂಛನಗಳಲ್ಲಿ ಎಲ್ಲವೂ ಅಕ್ಷರದವೇ ಆಗಿರುವುದಿಲ್ಲ. ಮೈಸೂರು ಸ್ಯಾಂಡಲ್ ಸಾಬೂನಿನ ಮೇಲಿರುವ ಶರಭವನ್ನು ನೀವು ನೋಡಿರಬಹುದು. ಸಿಂಹದ ಒಡಲಿಗೆ ಆನೆಯ ತಲೆಯಿರುವ ಆ ಪುರಾಣಮೃಗವು ಚಿತ್ರಲಾಂಛನ. ಅದು ಓದು ಬಾರದವರಿಗೂ ಗುರುತಾಗುತ್ತದೆ. ಆದರೆ ಹೆಸರನ್ನು ತಾನೇ ಉಚ್ಚರಿಸಲಾರದು. ಅಕ್ಷರಲಾಂಛನದಲ್ಲಾದರೋ ಹೆಸರು ಮತ್ತು ಗುರುತು ಎರಡೂ ಒಂದೇ ಆಗಿರುತ್ತವೆ. 1886ರಲ್ಲಿ ಅಮೆರಿಕದ ಅಟ್ಲಾಂಟಾ ನಗರದಲ್ಲಿ ಕೋಕಾ-ಕೋಲಾ ಎಂಬ ಪಾನೀಯವು ಮಾರಾಟಕ್ಕೆ ಬಂದಾಗ, ಅದಕ್ಕೆ ಹೆಸರಿಟ್ಟು ಆ ಹೆಸರನ್ನು ಬಳುಕುವ ಅಕ್ಷರಗಳಲ್ಲಿ ಬರೆದವರು ಫ್ರಾಂಕ್ ರಾಬಿನ್ಸನ್ ಎಂಬ ಲೆಕ್ಕಪತ್ರದ ಗುಮಾಸ್ತರು. ಅಂದಿನ ಅಮೆರಿಕದಲ್ಲಿ ಲೆಕ್ಕದ ಪುಸ್ತಕಗಳಿಗೂ ವ್ಯವಹಾರದ ಕಾಗದಗಳಿಗೂ ಬಳಕೆಯಲ್ಲಿದ್ದ ಅಂದದ ಕೈಬರಹವನ್ನೇ ಅವರು ಹೆಸರಿಗೆ ತಂದರು. ಅದೇ ರೂಪವು ಅಲ್ಪಸ್ವಲ್ಪ ತಿದ್ದುಪಡಿಗಳೊಡನೆ ಇಂದಿಗೂ ಲೋಕದ ಎಲ್ಲೆಡೆ ಕಾಣಿಸುತ್ತದೆ. ಒಳ್ಳೆಯ ಅಕ್ಷರಕ್ಕೆ ಬೇಕಾದ ಮೊದಲ ಬಂಡವಾಳವು ಪಳಗಿದ ಕೈ ಎಂಬುದಕ್ಕೆ ಇದು ಸಾಕ್ಷಿ.

ಹಾಗಾದರೆ ಈ ಕಲೆಯನ್ನು ಕಲಿಯುವುದು ಹೇಗೆ? ಕಲಿಯುವವನು ಮೊದಲು ತನ್ನ ಭಾಷೆಯ ಅಕ್ಷರಗಳ ಕಟ್ಟಡವನ್ನು ಅರಿಯಬೇಕು. ರೋಮನ್ ಲಿಪಿಯ ದೊಡ್ಡಕ್ಷರಗಳು ಬಹುಮಟ್ಟಿಗೆ ಎರಡು ಗೆರೆಗಳ ನಡುವೆ ಸಮನಾಗಿ ನಿಲ್ಲುತ್ತವೆ. ಕನ್ನಡದ ಬರವಣಿಗೆಯು ಮೂರು ಅಂತಸ್ತಿನ ಮನೆ. ನಡುವಿನ ಅಂತಸ್ತಿನಲ್ಲಿ ಅಕ್ಷರದ ಒಡಲು, ಮೇಲೆ ತಲಕಟ್ಟು ಹಾಗೂ ಸ್ವರಚಿಹ್ನೆಗಳು, ಕೆಳಗೆ ಒತ್ತಕ್ಷರಗಳು. ಇಂಗ್ಲಿಷ್ ಫಲಕವನ್ನು ನೋಡಿ ಅದೇ ಅಳತೆಯ ಪಟ್ಟಿಯಲ್ಲಿ ಕನ್ನಡವನ್ನು ತುರುಕಿದರೆ ಅಕ್ಷರದ ಒಡಲು ಕುಗ್ಗಿ, ಒತ್ತಕ್ಷರವು ಚುಕ್ಕೆಯಾಗುತ್ತದೆ. ನಮ್ಮ ಹೆದ್ದಾರಿಗಳ ಇಕ್ಕೆಲಗಳ ಅನೇಕ ಫಲಕಗಳಲ್ಲಿ ಕನ್ನಡವು ಬಡಕಲಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ತಪ್ಪು ಲಿಪಿಯದಲ್ಲ, ಅಳತೆಯದು.

ಚಳ್ಳಕೆರೆ ಎಂಬ ಹೆಸರನ್ನು ಒಂದು ಹಾಳೆಯ ಮೇಲೆ ದೊಡ್ಡದಾಗಿ ಬರೆದು ನೋಡಿರಿ. ಅದರಲ್ಲಿ ನಾಲ್ಕು ಅಕ್ಷರಗಳಿವೆ. ಕೊನೆಯ ಎರಡಾದ ‘ಕೆ’ ಮತ್ತು ‘ರೆ’ಗಳ ತಲೆಯ ಮೇಲೆ ಎಕಾರದ ಚಿಹ್ನೆಯು ಒಂದೇ ರೀತಿಯಲ್ಲಿ ಮರಳಿ ಬರುತ್ತದೆ, ಅದು ಹೆಸರಿಗೆ ಸಹಜವಾದ ಒಂದು ಲಯವನ್ನು ಕೊಡುತ್ತದೆ. ಕೆಳಗಿನ ಅಂತಸ್ತಿಗೆ ಇಳಿಯುವುದು ಎರಡನೆಯ ಅಕ್ಷರದ ಒತ್ತು ಮಾತ್ರ. ಕುಶಲನಾದ ಕಲೆಗಾರನು ಆ ಒಂದು ಒತ್ತನ್ನು ಅಡಗಿಸಲು ಯತ್ನಿಸದೆ, ಇಡೀ ಹೆಸರಿನ ಲಂಗರಿನಂತೆ ಅದನ್ನು ನಿಲ್ಲಿಸುತ್ತಾನೆ. ಮೊಳಕಾಲ್ಮೂರು ಎಂಬ ಹೆಸರಿನಲ್ಲಿ ಸಮಸ್ಯೆ ಬೇರೆ. ಮೊದಲ ಅಕ್ಷರವಾದ ‘ಮೊ’ ಮೇಲಕ್ಕೂ ಬಲಕ್ಕೂ ಹಬ್ಬಿಕೊಂಡು ಬಹಳ ಸ್ಥಳವನ್ನು ಬೇಡುತ್ತದೆ. ನಾಲ್ಕನೆಯದಾದ ‘ಲ್ಮೂ’ವಿನಲ್ಲಿ ಲಕಾರದ ಕೆಳಗೆ ಮಕಾರದ ಒತ್ತು, ಪಕ್ಕದಲ್ಲಿ ದೀರ್ಘದ ಕೊಂಬು. ಇದರ ಮೇಲೆ, ಊರಿನ ಹೆಸರನ್ನೇ ಕೆಲವರು ಮೊಳಕಾಲ್ಮೂರು ಎಂದೂ ಕೆಲವರು ಮೊಳಕಾಲ್ಮುರು ಎಂದೂ ಬರೆಯುತ್ತಾರೆ. ರೂಪ ಕೊಡುವುದಕ್ಕೆ ಮೊದಲು ಕಾಗುಣಿತವನ್ನು ಗೊತ್ತುಮಾಡಿಕೊಳ್ಳಬೇಕಾದುದು ಅನಿವಾರ್ಯ.

ಅಂದಕ್ಕಾಗಿ ಅಕ್ಷರವನ್ನು ಬಳುಕಿಸುವವನು ಅದರ ಪ್ರಾಣಸ್ಥಾನ ಎಲ್ಲಿದೆ ಎಂಬುದನ್ನೂ ಅರಿತಿರಬೇಕು. ದಕಾರಕ್ಕೂ ಧಕಾರಕ್ಕೂ ಇರುವ ಅಂತರವು ಬುಡದ ಒಂದು ಚಿಕ್ಕ ಸೀಳು; ಪಕಾರವು ಷಕಾರವಾಗುವುದು ಒಡಲಿನ ಒಂದು ಗೆರೆಯಿಂದ; ರಕಾರದ ಹೊಟ್ಟೆಯಲ್ಲಿ ಚುಕ್ಕೆಯನ್ನಿಟ್ಟರೆ ಅದು ಠಕಾರ. ಯಾವ ಗೆರೆಯನ್ನು ಬಳುಕಿಸಬಹುದು, ಯಾವ ಗೆರೆಯನ್ನು ಮುಟ್ಟಲಾಗದು ಎಂಬ ವಿವೇಕವು ಹಲವು ವರ್ಷ ಅಕ್ಷರಗಳನ್ನು ಬರೆದು, ಅಳಿಸಿ, ಹಳೆಯ ಶಾಸನಗಳ, ಓಲೆಗರಿಗಳ, ಅಚ್ಚಿನ ಪುಸ್ತಕಗಳ ಅಕ್ಷರಗಳನ್ನು ನೋಡಿ ಬರುವಂಥದು. ಓದಲಾಗದ ಹೆಸರು ಎಷ್ಟು ಸುಂದರವಾಗಿದ್ದರೇನು? ಅದು ಹೆಸರಾಗಿ ಉಳಿಯುವುದಿಲ್ಲ.

ಅಕ್ಷರದ ಅನಂತರ ಅರಿಯಬೇಕಾದುದು ಅದು ಮೂಡುವ ವಸ್ತುವನ್ನು. ಚಳ್ಳಕೆರೆಯು ಶೇಂಗಾ ಎಣ್ಣೆಯ ಗಿರಣಿಗಳಿಂದ ಎಣ್ಣೆಯ ನಗರವೆಂದು ಹೆಸರು ಪಡೆದ ಊರು. ಕುರಿಯ ಉಣ್ಣೆಯ ಕರಿಯ ಕಂಬಳಿಗೂ ಪ್ರಸಿದ್ಧವಾದುದು. ಗಿರಣಿಗಳ ಸಂಖ್ಯೆ ಹಿಂದಿನಷ್ಟು ಉಳಿದಿಲ್ಲ. ಅವು ಭರದಿಂದ ನಡೆಯುತ್ತಿದ್ದ ದಿನಗಳಲ್ಲಿ ಎಣ್ಣೆಯ ಡಬ್ಬಗಳ ಮೇಲೆ, ಗೋಣಿಚೀಲಗಳ ಮೇಲೆ ಹೆಸರು ಮೂಡಿಸುತ್ತಿದ್ದವರು ತಗಡಿನ ಅಚ್ಚುಗಳನ್ನು ಬಳಸುತ್ತಿದ್ದರು. ತಗಡಿನಲ್ಲಿ ಅಕ್ಷರವನ್ನು ಕೊರೆದು, ಚೀಲದ ಮೇಲಿಟ್ಟು, ಬಣ್ಣ ಬಳಿದರೆ ಹೆಸರು ಮೂಡುತ್ತದೆ. ಆದರೆ ರಕಾರದಂಥ ದುಂಡಕ್ಷರವನ್ನು ಸುತ್ತಲೂ ಕೊರೆದರೆ ಒಳಗಿನ ತಗಡಿನ ಬಿಲ್ಲೆಯು ಕಳಚಿ ಬೀಳುತ್ತದೆ. ಮೂಡುವುದು ಅಕ್ಷರವಲ್ಲ, ಬಣ್ಣದ ಉಂಡೆ. ಆದ್ದರಿಂದ ಅಲ್ಲಲ್ಲಿ ತಗಡಿನ ಚಿಕ್ಕ ಸೇತುವೆಗಳನ್ನು ಉಳಿಸಬೇಕು. ಆ ಸೇತುವೆಗಳಿಂದ ಅಕ್ಷರದಲ್ಲಿ ಉಂಟಾಗುವ ಬಿರುಕುಗಳೇ ಅಂಥ ಬರಹಕ್ಕೆ ಒಂದು ಚೆಲುವನ್ನು ಕೊಡುತ್ತವೆ. ಕಂಬಳಿಯ ಒರಟು ನೂಲಿನ ಮೇಲಾದರೆ ಸಣ್ಣ ಗೆರೆಯು ನಿಲ್ಲುವುದೇ ಇಲ್ಲ. ಅಲ್ಲಿ ಅಗಲವಾದ ಅಕ್ಷರವೇ ಬೇಕು.

ಈ ಪಾಠವನ್ನು ನಾನು ಕಲಿತದ್ದು ನನ್ನ ಶಿಷ್ಯನೊಬ್ಬನಿಂದ. ಅವನು ಮೊಳಕಾಲ್ಮೂರಿನ ನೇಕಾರರ ಮನೆಯ ಹುಡುಗ. ಶಾಲೆಯ ಕರಿಹಲಗೆಯ ಮೇಲೆ ದಿನಕ್ಕೊಂದು ಸುಭಾಷಿತವನ್ನು ಬರೆಯುವ ಕೆಲಸ ಅವನದಾಗಿತ್ತು. ಓದು ಮುಗಿದ ಮೇಲೆ ಚಳ್ಳಕೆರೆಯಲ್ಲಿ ಬೋರ್ಡು ಬರೆಯುವವರೊಬ್ಬರ ಬಳಿ ಕೆಲಸ ಕಲಿತು, ಮುಂದೆ ಕಂಪ್ಯೂಟರಿನಲ್ಲಿಯೂ ಪಳಗಿದನು. ಕೆಲವು ವರ್ಷಗಳ ಹಿಂದೆ ಅವನ ಓಣಿಯ ಹನ್ನೆರಡು ಮನೆಗಳ ನೇಕಾರರು ಕೂಡಿ, ತಾವು ನೇಯುವ ರೇಷ್ಮೆ ಸೀರೆಯ ಸೆರಗಿನ ಮೂಲೆಯಲ್ಲಿ ಊರಿನ ಹೆಸರನ್ನು ನೇಯಬೇಕೆಂದು ನಿಶ್ಚಯಿಸಿದರು. ಬರೆದುಕೊಡುವ ಹೊಣೆ ಅವನ ಮೇಲೆ ಬಿದ್ದಿತು.

ಅವನು ರಚಿಸಿದ ಮೊದಲ ಅಕ್ಷರಲಾಂಛನವನ್ನು ನನಗೆ ಕಳುಹಿಸಿದ್ದನು. ಮೊಳಕಾಲ್ಮೂರು ಸೀರೆಯ ಅಂಚಿನಲ್ಲಿ ಬರುವ ನವಿಲನ್ನು ಅವನು ‘ಮೊ’ ಅಕ್ಷರದೊಳಗೆ ಕಂಡಿದ್ದನು. ‘ಲ್ಮೂ’ವಿನ ಕೊಂಬು ಗರಿಗಳಾಗಿ ಬಿಚ್ಚಿಕೊಂಡಿತ್ತು. ಕೂದಲೆಳೆಯಷ್ಟು ಸಣ್ಣ ಗೆರೆಗಳು, ಅವುಗಳ ತುದಿಯಲ್ಲಿ ಕಣ್ಣುಗಳು. ನಾನು ಮುಗ್ಧನಾಗಿ ಮೆಚ್ಚುಗೆಯ ಕಾಗದವನ್ನು ಬರೆದೆನು. ಅದು ಎಲ್ಲಿ ಮೂಡಬೇಕಾದದ್ದು, ಎಷ್ಟು ಅಗಲದಲ್ಲಿ, ಯಾವ ನೂಲಿನಲ್ಲಿ ಎಂಬ ಪ್ರಶ್ನೆಗಳನ್ನು ಕೇಳುವುದು ನನಗೆ ಹೊಳೆಯಲೇ ಇಲ್ಲ. ಒಂದು ತಿಂಗಳ ಅನಂತರ ನಾನು ಅವರ ಮನೆಗೆ ಹೋದಾಗ ಅವನು ಒಂದು ತುಂಡು ಬಟ್ಟೆಯನ್ನು ನನ್ನ ಕೈಗಿತ್ತನು. ಹೆಬ್ಬೆರಳಿನಗಲದ ಜರಿಯ ಮುದ್ದೆಯೊಂದು ಅಲ್ಲಿತ್ತು. ನವಿಲೂ ಇರಲಿಲ್ಲ, ಮೊಳಕಾಲ್ಮೂರೂ ಇರಲಿಲ್ಲ.

ಮಗ್ಗದ ಗುಣಿಯಲ್ಲಿ ಕುಳಿತಿದ್ದ ಅವನ ತಂದೆ ಲಾಳಿಯನ್ನು ನಿಲ್ಲಿಸಿ, “ಇವನು ಬರೆದದ್ದು ಕಾಗದದ ಅಕ್ಷರ, ಮೇಷ್ಟ್ರೇ. ಮಗ್ಗಕ್ಕೆ ಅದು ಓದೋಕೆ ಬರಲ್ಲ” ಎಂದರು. ಆ ಮಾತಿನಲ್ಲಿ ಹಾಸ್ಯವಿದ್ದರೂ ಅದು ಯಥಾರ್ಥವಾಗಿತ್ತು. ನೇಯ್ಗೆಯಲ್ಲಿ ದುಂಡುಗೆರೆ ಎಂಬುದು ಇಲ್ಲ. ಉದ್ದಕ್ಕೆ ಹಾಸಿದ ನೂಲು, ಅಡ್ಡಕ್ಕೆ ಹೊಕ್ಕ ನೂಲು, ಇವೆರಡೂ ಒಂದನ್ನೊಂದು ದಾಟುವ ಲೆಕ್ಕವಿಲ್ಲದ ಚೌಕಗಳು. ಮೂಡುವ ಚಿತ್ರವೆಲ್ಲವೂ ಆ ಚೌಕಗಳ ಮೆಟ್ಟಿಲು. ಜಕಾರ್ಡ್ ಇರುವ ಮಗ್ಗದಲ್ಲಿ ಮೊದಲು ಚಿತ್ರವನ್ನು ಚೌಕಳಿ ಕಾಗದದ ಮೇಲೆ ತುಂಬುತ್ತಾರೆ. ತುಂಬಿದ ಚೌಕಗಳಿಗೆ ಅನುಸಾರವಾಗಿ ರಟ್ಟಿನಲ್ಲಿ ತೂತುಗಳನ್ನು ಹೊಡೆಯುತ್ತಾರೆ. ತೂತಿದ್ದಲ್ಲಿ ಹಾಸಿನ ಎಳೆಯು ಮೇಲೇಳುತ್ತದೆ. ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. ಒಂದು ಚೌಕಕ್ಕಿಂತ ಸಣ್ಣದಾದ ಗೆರೆಯನ್ನು ಮಗ್ಗಕ್ಕೆ ಹೇಳುವ ಉಪಾಯವೇ ಇಲ್ಲ.

ಶಿಷ್ಯನು ಸೋಲನ್ನು ಒಪ್ಪಿಕೊಂಡು ತಂದೆಯ ಪಕ್ಕದಲ್ಲಿ ಕುಳಿತನು. ಕಂಪ್ಯೂಟರನ್ನು ಬದಿಗಿಟ್ಟು ಚೌಕಳಿ ಕಾಗದವನ್ನು ಹಿಡಿದನು. ನವಿಲನ್ನು ಕೈಬಿಟ್ಟನು. ಎಲ್ಲ ಗೆರೆಗಳನ್ನೂ ಒಂದೇ ದಪ್ಪಕ್ಕೆ ತಂದು, ಅಕ್ಷರದ ಹೊಟ್ಟೆಗಳನ್ನು ತುಸು ಅಗಲಿಸಿದನು. ಸೀರೆಯ ಅಂಚಿನಲ್ಲಿ ನೇಕಾರರು ತಲೆಮಾರುಗಳಿಂದ ನೇಯುತ್ತ ಬಂದ ಗೋಪುರದ ಮೆಟ್ಟಿಲುಗಳ ಓರೆಯನ್ನೇ ಅಕ್ಷರಗಳ ಬಾಗಿಗೂ ಇರಿಸಿದನು. ‘ಲ್ಮೂ’ವಿನ ಒತ್ತನ್ನು ಕೊಂಬಿನ ಕೆಳಗೆ ಸರಿಸಿ, ಅದಕ್ಕೆ ಉಸಿರಾಡುವಷ್ಟು ಜಾಗ ಬಿಟ್ಟನು. ಏಳೆಂಟು ಬಾರಿ ನೇಯ್ದು, ಬಿಚ್ಚಿ, ತಿದ್ದಿದ ಮೇಲೆ ಹೆಸರು ಬಟ್ಟೆಯಲ್ಲಿ ಸ್ಪಷ್ಟವಾಗಿ ಎದ್ದುಬಂದಿತು. ಅದನ್ನು ನೋಡಿದಾಗ ಅದು ಹೊರಗಿನಿಂದ ತಂದು ಅಂಟಿಸಿದ ಗುರುತಿನಂತೆ ತೋರಲಿಲ್ಲ. ಸೀರೆಯೇ ತನ್ನ ಹೆಸರನ್ನು ತಾನು ಹೇಳಿಕೊಂಡಂತಿತ್ತು.

ಈ ಪ್ರಸಂಗದಿಂದ ಕಲೆಯ ಕ್ರಮವನ್ನು ನಾವು ಸಂಗ್ರಹಿಸಿ ಹೇಳಬಹುದು. ಮೊದಲನೆಯದು ವಿಚಾರಣೆ. ಹೆಸರು ಯಾರದು, ಅವರು ಮಾಡುವುದೇನು, ಕೊಳ್ಳುವವರಾರು, ಹೆಸರು ಯಾವ ವಸ್ತುವಿನ ಮೇಲೆ ಎಷ್ಟು ಗಾತ್ರದಲ್ಲಿ ಮೂಡಬೇಕು, ಅದೇ ಬಗೆಯ ಇತರರ ಹೆಸರುಗಳು ಹೇಗಿವೆ ಎಂಬುದನ್ನು ತಿಳಿಯಬೇಕು. ಎರಡನೆಯದು ಕರಡು. ಒಂದು ಹೆಸರನ್ನು ಹತ್ತಲ್ಲ, ನೂರು ಬಗೆಯಲ್ಲಿ ಪೆನ್ಸಿಲಿನಿಂದ ಬರೆದು, ಅವುಗಳಲ್ಲಿ ಎರಡು ಮೂರನ್ನು ಉಳಿಸಬೇಕು. ಮೂರನೆಯದು ಪರೀಕ್ಷೆ. ಬಣ್ಣವನ್ನು ನಂಬದೆ ಮೊದಲು ಕಪ್ಪು ಬಿಳುಪಿನಲ್ಲಿಯೇ ನೋಡಬೇಕು. ಬಣ್ಣವು ದುರ್ಬಲವಾದ ರೂಪವನ್ನು ಮರೆಮಾಚುತ್ತದೆ. ಗೋಡೆಗೆ ಅಂಟಿಸಿ ಇಪ್ಪತ್ತು ಹೆಜ್ಜೆ ಹಿಂದಕ್ಕೆ ಸರಿದು ನೋಡಬೇಕು. ಉಗುರಿನಷ್ಟು ಚಿಕ್ಕದು ಮಾಡಿ ನೋಡಬೇಕು. ತಲೆಕೆಳಗಾಗಿ ಹಿಡಿದು ನೋಡಿದರೆ ಕಣ್ಣು ಓದುವುದನ್ನು ಬಿಟ್ಟು ರೂಪವನ್ನು ಮಾತ್ರ ಕಾಣುತ್ತದೆ. ಎಲ್ಲಿ ಕಪ್ಪು ಗುಂಪುಗೂಡಿದೆ, ಎಲ್ಲಿ ಬಿಳುಪು ಬಾಯ್ದೆರೆದಿದೆ ಎಂಬುದು ಆಗ ತಾನಾಗಿ ತೋರುತ್ತದೆ. ಅಕ್ಷರಗಳ ನಡುವಿನ ಅಂತರವನ್ನು ಅಳತೆಪಟ್ಟಿಯಿಂದ ಸಮಮಾಡಲಾಗದು. ದುಂಡಕ್ಷರಗಳೆರಡು ಪಕ್ಕಪಕ್ಕದಲ್ಲಿ ಬಂದರೆ ಅವುಗಳನ್ನು ತುಸು ಹತ್ತಿರಕ್ಕೆ ತರಬೇಕು. ಕಣ್ಣಿಗೆ ಸಮವೆನಿಸುವುದೇ ಸಮ.

ಇಂದು ಈ ಕೆಲಸದ ಕೊನೆಯ ಹಂತವು ಕಂಪ್ಯೂಟರಿನಲ್ಲಿ ನಡೆಯುತ್ತದೆ. ಅಕ್ಷರದ ಅಂಚನ್ನು ಕೆಲವು ಬಿಂದುಗಳಿಂದಲೂ ಅವುಗಳ ನಡುವಿನ ಬಾಗುಗಳಿಂದಲೂ ಅದು ಲೆಕ್ಕವಾಗಿ ದಾಖಲಿಸುತ್ತದೆ. ಆದಕಾರಣ ಒಮ್ಮೆ ಸಿದ್ಧವಾದ ರೂಪವನ್ನು ಗುಂಡಿಯಷ್ಟು ಕಿರಿದಾಗಿಯೂ ಗೋಡೆಯಷ್ಟು ಹಿರಿದಾಗಿಯೂ ಅಂಚು ಮಸುಕಾಗದಂತೆ ಪಡೆಯಬಹುದು. ಕನ್ನಡಕ್ಕೆ ಬಗೆಬಗೆಯ ಸಿದ್ಧ ಅಕ್ಷರಶೈಲಿಗಳೂ ಈಗ ದೊರೆಯುತ್ತವೆ. ಆದರೆ ಸಿದ್ಧ ಅಕ್ಷರಗಳನ್ನು ಜೋಡಿಸಿದ ಮಾತ್ರಕ್ಕೆ ಅಕ್ಷರಲಾಂಛನವಾಗುವುದಿಲ್ಲ. ಅದೇ ಅಕ್ಷರಗಳಿಂದ ನಾಳೆ ಮತ್ತೊಬ್ಬನೂ ತನ್ನ ಹೆಸರನ್ನು ಜೋಡಿಸಬಹುದಲ್ಲವೇ? 2010ರ ಜುಲೈ ತಿಂಗಳಿನಲ್ಲಿ ಭಾರತ ಸರ್ಕಾರವು ಅಂಗೀಕರಿಸಿದ ರೂಪಾಯಿಯ ಚಿಹ್ನೆಯನ್ನು ಗಮನಿಸಿರಿ. ಡಿ. ಉದಯಕುಮಾರ್ ಅವರು ದೇವನಾಗರಿಯ ರಕಾರವನ್ನೂ ರೋಮನ್ ಲಿಪಿಯ ಆರ್ ಅಕ್ಷರವನ್ನೂ ಒಂದರಲ್ಲಿ ಕೂಡಿಸಿದರು. ಎರಡೂ ಎಲ್ಲರಿಗೂ ತಿಳಿದಿದ್ದ ಅಕ್ಷರಗಳೇ. ಅವುಗಳ ಕೂಡಿಕೆ ಮಾತ್ರ ಹೊಸದು.

ಇಷ್ಟೆಲ್ಲವೂ ಕೈಯ ಕೌಶಲ. ಇದರಾಚೆಗೆ ಇನ್ನೊಂದು ಕಲಿಕೆಯಿದೆ; ಅದು ಹೆಸರಿನ ಹಕ್ಕನ್ನು ಕುರಿತದ್ದು. ನಮ್ಮ ದೇಶದಲ್ಲಿ 1999ರಲ್ಲಿ ಎರಡು ಕಾಯಿದೆಗಳು ರಚನೆಯಾದವು. 2003ರ ಸೆಪ್ಟೆಂಬರ್ ತಿಂಗಳಿನಲ್ಲಿ ಅವು ಜಾರಿಗೆ ಬಂದವು. ಒಂದು ಟ್ರೇಡ್ ಮಾರ್ಕ್ ಕಾಯಿದೆ. ಒಬ್ಬ ವ್ಯಾಪಾರಿಯ ಅಥವಾ ಸಂಸ್ಥೆಯ ಸರಕನ್ನು ಇತರರ ಸರಕಿನಿಂದ ಬೇರ್ಪಡಿಸುವ ಗುರುತನ್ನು ಅದು ರಕ್ಷಿಸುತ್ತದೆ. ನೋಂದಣಿಯು ಹತ್ತು ವರ್ಷಗಳ ಅವಧಿಯದು. ಅದನ್ನು ಮತ್ತೆ ಮತ್ತೆ ನವೀಕರಿಸಬಹುದು. ಇನ್ನೊಂದು ಭೌಗೋಳಿಕ ಸೂಚಕಗಳ ಕಾಯಿದೆ. ಒಂದು ಪ್ರದೇಶದ ಕೌಶಲದಿಂದ, ಅಲ್ಲಿಯ ನೆಲ-ಜಲಗಳಿಂದ ಹೆಸರಾದ ವಸ್ತುವಿನ ಹೆಸರನ್ನು ಇದು ರಕ್ಷಿಸುತ್ತದೆ. ಟ್ರೇಡ್ ಮಾರ್ಕ್ ಒಬ್ಬ ಒಡೆಯನದು. ಭೌಗೋಳಿಕ ಸೂಚಕವು ಆ ಪ್ರದೇಶದ ಉತ್ಪಾದಕರೆಲ್ಲರಿಗೂ ಸೇರಿದ್ದು. ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಂಡು ಅವರು ಅದನ್ನು ಬಳಸಬಹುದು. ಮೊಳಕಾಲ್ಮೂರು ಸೀರೆಗೆ ಈ ಮನ್ನಣೆಯು 2011ರಲ್ಲಿ ದೊರೆಯಿತು.

ಹೀಗಾಗಿ ಇಂದು ಒಂದು ಸೀರೆಯ ಮೇಲೆ ಹಲವು ಗುರುತುಗಳಿರಬಹುದು. 2004ರಲ್ಲಿ ಆರಂಭವಾದ ಸಿಲ್ಕ್ ಮಾರ್ಕ್ ಇದು ಶುದ್ಧ ರೇಷ್ಮೆಯೇ ಎಂಬ ಪ್ರಶ್ನೆಗೆ ಉತ್ತರ ಹೇಳುತ್ತದೆ. 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಇದು ಕೈಮಗ್ಗದಲ್ಲಿ ನೇಯ್ದದ್ದೇ ಎಂಬುದನ್ನು ತಿಳಿಸುತ್ತದೆ; ಹಾಸು ಹೊಕ್ಕುಗಳು ಹೆಣೆದುಕೊಂಡು ಘನಾಕೃತಿಯಾಗುವ ರೂಪ ಅದರದು. ಭೌಗೋಳಿಕ ಸೂಚಕವು ಇದು ಯಾವ ಊರಿನದೆಂದು ಹೇಳುತ್ತದೆ. ಆದರೆ ನೇಯ್ದವರು ಯಾರು ಎಂಬ ನಾಲ್ಕನೆಯ ಪ್ರಶ್ನೆಯೊಂದು ಉಳಿಯುತ್ತದೆ. ಅದಕ್ಕೆ ಉತ್ತರವನ್ನು ನೇಕಾರನೇ ಹೇಳಬೇಕು. ನನ್ನ ಶಿಷ್ಯನು ಇದನ್ನು ಅರಿತು, ನೇಯ್ದ ಹೆಸರಿನ ಜೊತೆಗೆ ಒಂದು ಚೀಟಿಯನ್ನೂ ಸಿದ್ಧಪಡಿಸಿದನು. ಅದರ ಮೇಲ್ಭಾಗದಲ್ಲಿ ಹನ್ನೆರಡು ಮನೆಗಳಿಗೂ ಸಾಮಾನ್ಯವಾದ ಊರಿನ ಅಕ್ಷರಲಾಂಛನ. ಅದರ ಕೆಳಗೆ ಖಾಲಿ ಗೆರೆ. ಸೀರೆಯನ್ನು ಮಗ್ಗದಿಂದ ಇಳಿಸಿದವರು ಆ ಗೆರೆಯ ಮೇಲೆ ತಮ್ಮ ಕೈಯಿಂದಲೇ ಹೆಸರು ಬರೆಯಬೇಕು. ಕೆಲವರ ಅಕ್ಷರ ಸೊಟ್ಟಗಿರುತ್ತದೆ. ಅದನ್ನು ತಿದ್ದಲು ಅವನು ಒಪ್ಪುವುದಿಲ್ಲ.

ಆ ಹೆಸರಿಗೆ ಬೆಲೆ ಬಂದಿತೆಂಬುದು ತಿಳಿದದ್ದು ಅದರ ಅನುಕರಣೆಗೆ ಬೇಡಿಕೆ ಬಂದಾಗ. ದೂರದ ಪಟ್ಟಣದ ವರ್ತಕರೊಬ್ಬರು ನನ್ನ ಶಿಷ್ಯನನ್ನು ಕಂಡು, ವಿದ್ಯುತ್ ಮಗ್ಗದಲ್ಲಿ ತಯಾರಾದ ತಮ್ಮ ಸೀರೆಗಳಿಗೆ ಅದೇ ಅಕ್ಷರಗಳಲ್ಲಿ ಮೊಳಕಾಲ್ಮೂರು ಎಂದು ಬರೆದುಕೊಡಬೇಕೆಂದು ಕೇಳಿದರು. ವಿದ್ಯುತ್ ಮಗ್ಗದ ಸೀರೆಯನ್ನು ಅದರದೇ ಹೆಸರಿನಲ್ಲಿ ಮಾರಿದರೆ ಯಾರ ಆಕ್ಷೇಪವೂ ಇರುವುದಿಲ್ಲ. ಆದರೆ ಕೈಮಗ್ಗದಲ್ಲಿ ಒಂದು ಸೀರೆ ಇಳಿಯಲು ಹಲವು ದಿನಗಳ ದುಡಿಮೆ ಬೇಕು. ಯಂತ್ರವು ಬೇಗ ನೇಯ್ದ ಸೀರೆಯು ಅದೇ ಹೆಸರು ಹೊತ್ತು ಅಗ್ಗವಾಗಿ ಮಾರಾಟವಾದರೆ, ಹೆಸರನ್ನು ಗಳಿಸಿದವರ ಅನ್ನವು ಹೋಗುತ್ತದೆ. ವರ್ತಕರು ಕೊಡುತ್ತೇನೆಂದ ಹಣವು ಅವನ ಹಲವು ತಿಂಗಳ ಗಳಿಕೆಗೆ ಸಮವಾಗಿತ್ತು. ಮನೆಯಲ್ಲಿ ತಂಗಿಯ ಮದುವೆಯ ಖರ್ಚು ಎದುರಿಗಿತ್ತು. ಅವನು ಒಪ್ಪಲಿಲ್ಲ. ಏಕೆಂದು ನಾನು ಕೇಳಿದಾಗ, “ಅಕ್ಷರ ಬರೆದವನು ನಾನೇ, ಮೇಷ್ಟ್ರೇ. ಆದರೆ ಹೆಸರು ನನ್ನದಲ್ಲವಲ್ಲ” ಎಂದನು.

ವ್ಯಾಕರಣವನ್ನೂ ಛಂದಸ್ಸನ್ನೂ ಅವನಿಗೆ ಕಲಿಸಿದ್ದ ನಾನು ಆ ಮಾತಿಗೆ ಉತ್ತರ ಕೊಡಲಿಲ್ಲ. ಸುಂದರವಾದ ಅಕ್ಷರವು ಸುಳ್ಳನ್ನೂ ಸುಂದರವಾಗಿಯೇ ಹೇಳಬಲ್ಲುದು. ಬರೆಯುವ ಕೈಗೆ ಈ ಶಕ್ತಿಯಿರುವುದರಿಂದಲೇ ಅದರ ಹೊಣೆಯೂ ದೊಡ್ಡದು. ಅಕ್ಷರಲಾಂಛನವನ್ನು ಕಲಿಯುವವನು ಲೇಖನಿ, ಕುಂಚ, ಕಂಪ್ಯೂಟರುಗಳನ್ನು ಪಳಗಿಸಿಕೊ​ಳ್ಳುವುದರ ಜೊತೆಗೆ, ತಾನು ರೂಪಿಸುವ ಹೆಸರಿನ ಹಿಂದೆ ಯಾವ ದುಡಿಮೆಯಿದೆ, ಆ ಹೆಸರು ಕೊಳ್ಳುವವನಿಗೆ ಯಾವ ಮಾತನ್ನು ಕೊಡುತ್ತಿದೆ ಎಂಬುದನ್ನೂ ಕೇಳಿಕೊಳ್ಳುವುದನ್ನು ಕಲಿಯಬೇಕು.

ನೀವು ಎಂದಾದರೂ ಬ್ರಹ್ಮಗಿರಿಗೆ ಹೋದರೆ ಆ ಬಂಡೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿರಿ. ಸತ್ಯವನ್ನು ನುಡಿಯಬೇಕೆಂಬ ಚಕ್ರವರ್ತಿಯ ಮಾತು ಅಲ್ಲಿದೆ. ಅದನ್ನು ಬರೆದವನು ತಾನೆಂದು ಹೇಳುವ ಲಿಪಿಕಾರನ ಗುರುತೂ ಅದರ ಕೆಳಗಿದೆ. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಬಿಸಿಲು ಮಳೆಗಳನ್ನು ಆ ಅಕ್ಷರಗಳು ಕಂಡಿವೆ. ಅಲ್ಲಿಂದ ಊರಿಗೆ ಬಂದು ಯಾವುದಾದರೊಂದು ನೇಕಾರರ ಮನೆಯ ಬಾಗಿಲಲ್ಲಿ ನಿಂತರೆ ಮಗ್ಗದ ಸದ್ದು ಕೇಳಿಸುತ್ತದೆ. ಒಳಗೆ ಯಾರೋ ಒಬ್ಬರು ಸೀರೆಯನ್ನು ಇಳಿಸಿ, ಮಡಿಸಿ, ಚೀಟಿಯ ಖಾಲಿ ಗೆರೆಯ ಮೇಲೆ ತಮ್ಮ ಹೆಸರನ್ನು ನಿಧಾನವಾಗಿ ಬರೆಯುತ್ತಿರಬಹುದು.